ಸತ್ತೆವ್ವನ ಎಮ್ಮೆಯ ಎರಡು ಗೆರೆ

ಅಕ್ಕೋಳದ ಶುಭಾಂಗಿ ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು. ಪಾಠ ಹೇಳುವುದಕ್ಕಿಂತ ಪ್ರೋಗ್ರಾಂ ಬರೆಯುವ ಹುಚ್ಚೇ ಅವಳಿಗೆ ಹೆಚ್ಚು. ಕರೋಶಿಯ ಹಾಲಿನ ಡೇರಿಗೆ ಅವಳು ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ, ಯಾರ ಮನೆಯಿಂದ ದಿನಕ್ಕೆ ಎಷ್ಟು ಹಾಲು ಬಂತು ಎಂಬುದು ಏರಿಳಿಯುವ ಗೆರೆಯಾಗಿ ಕಾಣುತ್ತಿತ್ತು. ಕ್ಯಾನು ಇಳಿಸಿದವರು ಆ ಪರದೆಯನ್ನು ಇಣುಕಿ ನೋಡಿಯೇ ಮನೆಗೆ ಹೋಗುವುದು. ಅದನ್ನು ಕಂಡರೆ ಶುಭಾಂಗಿಗೆ ಉಂಡಷ್ಟು ತೃಪ್ತಿ.

೨೦೧೪ರಲ್ಲಿ ಡೇರಿಯ ಸೆಕ್ರೆಟರಿ ಜಿನ್ನಪ್ಪ ಹೊಸ ರಾಗ ತೆಗೆದ. "ಬಾಯಾರ, ಈ ಗ್ರಾಫ್ ಮೊಬೈಲ್‌ನ್ಯಾಗೂ ಬರಬೇಕ್ರಿ. ಎಲ್ಲಾರೂ ಕೇಳಾಕತ್ತಾರ."

ದಾರಿ ಎರಡಿದ್ದವು. ಡೇರಿಯ ಕಂಪ್ಯೂಟರಿಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿದ್ದ ಗೆರೆ ಎಳೆಯುವ ಕೋಡನ್ನೇ ಮೊಬೈಲಿಗೂ ಜೋಡಿಸಬಹುದಿತ್ತು. ಆದರೆ ಅದಕ್ಕೆ ಬೇಕಾದ ಟೂಲುಗಳನ್ನು ಹೊಂದಿಸುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು. ಮೊಬೈಲಿಗೆಂದೇ ಜಾವಾ ಎಂಬ ಬೇರೆ ಪ್ರೋಗ್ರಾಂ ಭಾಷೆಯಲ್ಲಿ ಹೊಸದಾಗಿ ಬರೆದರೆ ಎಂಟು ದಿನದ ಕೆಲಸ. ಶುಭಾಂಗಿ ಸುಲಭದ್ದನ್ನೇ ಆರಿಸಿಕೊಂಡಳು. ಯಾರು ತಾನೇ ಬಿಡುತ್ತಾರೆ, ಹೇಳಿ?

ಇಪ್ಪತ್ತು ದಿನ ಎಲ್ಲ ಸುಸೂತ್ರ. ಇಪ್ಪತ್ತೊಂದನೆಯ ದಿನ ಕರೋಶಿಯ ಸತ್ತೆವ್ವ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದಳು. ಅವಳಿಗಿದ್ದುದು ಒಂದೇ ಎಮ್ಮೆ.

"ಏನ ಬೇ ಶುಭಾಂಗಿ, ನನ್ನ ಎಮ್ಮಿ ನಿನಗೇನ ಮಾಡಿತ್ತ?"

ಆಗಿದ್ದು ಇಷ್ಟು. ಮಗ ಕಾಮಣ್ಣ ನಿಪ್ಪಾಣಿಯಲ್ಲಿ ನೌಕರಿಯಲ್ಲಿದ್ದ. ನಿನ್ನೆ ಮೊಬೈಲು ನೋಡಿದರೆ ಗೆರೆ ಧಡಲ್ಲನೆ ನೆಲಕ್ಕೆ ಬಿದ್ದಿತ್ತು, ಇವತ್ತು ಮತ್ತೆ ಎದ್ದಿತ್ತು. ಎಮ್ಮೆ ಬತ್ತಿದೆ, ಅವ್ವ ಎಮ್ಮೆಯ ಮಾಯೆಗೆ ಬಿದ್ದು ಪಕ್ಕದ ಮನೆಯ ಹಾಲು ತಂದು ಹಾಕುತ್ತಿದ್ದಾಳೆ ಎಂದು ಅವನ ತರ್ಕ. ರವಿವಾರ ರಾಯಬಾಗದವನೊಬ್ಬನಿಗೆ ಎಮ್ಮೆ ಮಾರುವುದೆಂದು ಮಾತೂ ಕೊಟ್ಟುಬಿಟ್ಟಿದ್ದ.

"ಆಯಿ, ನಿನ್ನೆ ಡೇರಿಗೆ ಹಾಲ ಹಾಕಿಲ್ಲೇನ?"

"ನಿನ್ನಿ ಅಮಾಸಿ ಇತ್ತಲ್ಲ! ಅಮಾಸಿ ಹಾಲ ನಮ್ಮನ್ಯಾಗ ಮಾರಂಗಿಲ್ಲ. ಕರಾ ಕುಡೀತೈತಿ. ನಿಪ್ಪಾಣಿ ಸೇರಿದಾಂವಗ ಅಮಾಸಿ ನೆನಪ ಎಲ್ಲಿರತೈತಿ!"

ಶುಭಾಂಗಿ ಹಣೆ ಬಡಿದುಕೊಂಡಳು. ಹಾಲನ್ನೆಲ್ಲ ಕರುವಿಗೇ ಬಿಡುವ ಈ ಅಮಾವಾಸ್ಯೆಗೆಂದೇ ಹಳೆಯ ಕೋಡಿನಲ್ಲಿ, ಹಾಲು ಬಾರದ ದಿನ ಗೆರೆಯನ್ನು ಕಡಿದು ಜಾಗ ಖಾಲಿ ಬಿಡುವಂತೆ ಅವಳೇ ಬರೆದಿದ್ದಳು. ಜಾವಾದ ಗಡಿಬಿಡಿಯಲ್ಲಿ ಅದು ಮರೆತೇ ಹೋಗಿ, ಅಲ್ಲಿ ಸೊನ್ನೆ ಬಿದ್ದಿತ್ತು. ತನ್ನ ಅವಸರಕ್ಕೆ ಒಬ್ಬರ ಕೊಟ್ಟಿಗೆ ಖಾಲಿಯಾಗುತ್ತದಲ್ಲ! ಕೂಡಲೇ ಕಾಮಣ್ಣನಿಗೆ ಫೋನು ಹಚ್ಚಿ, ಡೇರಿಯ ಕಂಪ್ಯೂಟರಿನಲ್ಲಿ ನಿನ್ನೆಯ ಜಾಗ ಬರೀ ಖಾಲಿ ಇದೆ, ಮೊಬೈಲಿನಲ್ಲಿ ಸೊನ್ನೆ ಬಿದ್ದದ್ದು ತನ್ನ ತಪ್ಪು ಎಂದಳು.

ಅವನು ನಂಬಬೇಕಲ್ಲ! "ಡೇರಿ ಕಂಪ್ಯೂಟರ್ ಒಂದ ಹೇಳತೈತಿ, ಮೊಬೈಲ್ ಒಂದ ಹೇಳತೈತಿ. ಖರೇ ಯಾವದ್ರಿ ಬಾಯಾರ? ನಾ ಎರಡೂ ನಂಬಂಗಿಲ್ಲ."

"ರವಿವಾರ ಡೇರಿಗೆ ನೀವ ಬರ್ರಿ. ಅಲ್ಲೀತನಕಾ ಎಮ್ಮಿ ಹಗ್ಗ ಬಿಚ್ಚಬ್ಯಾಡ್ರಿ."

ಸೊನ್ನೆಯೊಂದನ್ನು ತಿದ್ದಿದರೆ ಅರ್ಧ ಗಂಟೆಯ ಕೆಲಸ. ಬೆರಳು ಅತ್ತ ಹೋಗಿಯೂ ಇತ್ತು. ಆದರೆ ಮರೆತದ್ದು ಇನ್ನೇನೇನಿದೆಯೋ, ನಾಳೆ ಇನ್ನಾರ ಮನೆಯ ಜಗಳವೋ! ಜಾವಾದಲ್ಲಿ ಬರೆದ ಚಿತ್ರದ ಭಾಗವನ್ನೆಲ್ಲ ಕಿತ್ತೆಸೆದಳು. ಗೆರೆ ಎಳೆಯುವುದೆಲ್ಲ ಹಳೆಯ ಕೋಡಿನದೇ. ಬೆರಳು ಮುಟ್ಟಿದ್ದನ್ನು ತಿಳಿಸುವುದು, ಪರದೆ ತೋರಿಸುವುದು ಮಾತ್ರ ಜಾವಾದ್ದು. ಆ ಟೂಲುಗಳು ನಾಲ್ಕು ದಿನ ಅವಳ ಜೀವ ತಿಂದವು. ಐದನೆಯ ದಿನ ಸುಮ್ಮನೆ ಕೆಲಸ ಮಾಡಿದವು.

ರವಿವಾರ ಕಾಮಣ್ಣ ಡೇರಿಯ ಕಂಪ್ಯೂಟರಿನ ಪಕ್ಕಕ್ಕೆ ತನ್ನ ಮೊಬೈಲು ಹಿಡಿದು ನಿಂತ. ಅದೇ ಏರು, ಅದೇ ಇಳಿತ, ಅದೇ ಖಾಲಿ ಜಾಗ. ಹಿಂದಿನ ತಿಂಗಳಿಗೆ ಸರಿಸಿದ, ಅದರ ಹಿಂದಿನದಕ್ಕೂ ಸರಿಸಿದ. ಎರಡರಲ್ಲೂ ಪ್ರತಿ ಅಮಾವಾಸ್ಯೆಗೆ ಗೆರೆ ಕಡಿದಿತ್ತು, ಮರುದಿನ ಅಷ್ಟೇ ಎತ್ತರದಿಂದ ಶುರುವಾಗಿತ್ತು. ಅಲ್ಲೇ ನಿಂತು ರಾಯಬಾಗಕ್ಕೆ ಫೋನು ಹಚ್ಚಿ, ಬರಬೇಡ ಎಂದ.

"ಅವ್ವಾ, ತಪ್ಪಾತ" ಎಂದ, ತಲೆ ಎತ್ತದೆ.

ಪಕ್ಕದಲ್ಲಿದ್ದ ಸತ್ತೆವ್ವ ಮುಂದೆ ಬಂದಳು. ಪರದೆಯ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಇದ ಕರಾದ್ದ, ಶುಭಾಂಗಿ. ಇದನ್ನ ಎಂದೂ ತುಂಬಬ್ಯಾಡವಾ."