ಕಪ್ಪು ಟ್ಯಾಗ್ ಕಟ್ಟಿಸಿಕೊಂಡ ಶೋಭಾ

ಕೋವಿಡ್ ಅಲೆಗಳು ತಣ್ಣಗಾದ ಮಾರನೆಯ ವರ್ಷ ನಾನು ಚನ್ನಪಟ್ಟಣ ತಾಲ್ಲೂಕಿನಲ್ಲಿ ಮನೋಸಾಮಾಜಿಕ ಕಾರ್ಯಕರ್ತೆಯಾಗಿದ್ದೆ. ಅಂದರೆ ಮಾತ್ರೆ ಬರೆಯುವವಳಲ್ಲ. ನೊಂದವರ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡಿ ದಾರಿ ಹುಡುಕುವವಳು. ನಮ್ಮ ವಂಶದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ನಮ್ಮವ್ವ ರಾಮನಗರದ ರೇಷ್ಮೆ ರೀಲಿಂಗ್ ಘಟಕದಲ್ಲಿ ಕುದಿನೀರಿಗೆ ಕೈ ಹಾಕಿ ಗೂಡಿನ ನೂಲು ಬಿಚ್ಚುತ್ತಲೇ ನನಗೆ ಎಂ.ಎಸ್.ಡಬ್ಲ್ಯೂ. ಓದಿಸಿದಳು. ಹಾಗೆ ಬಂದ ಕೆಲಸವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ.

ಆ ವರ್ಷ ಕೆಂಗಲ್ ಹತ್ತಿರದ ಬಯಲಿನಲ್ಲಿ ಬಸ್ ಅಪಘಾತದ ಅಣಕು ಕಾರ್ಯಾಚರಣೆ ನಡೆಯಿತು. ಗಾಯಾಳುಗಳ ಪಾತ್ರಕ್ಕೆ ಅಕ್ಕೂರಿನ ಮಹಿಳಾ ಸಂಘದವರನ್ನು ಕರೆಸಿದ್ದರು. ಇಂಥ ಕಡೆ ಟ್ರಯಾಜ್ ಅಂತ ಮಾಡುತ್ತಾರೆ. ಯಾರಿಗೆ ಮೊದಲು ಚಿಕಿತ್ಸೆ ಎಂದು ನೋಡಿ ಕೈಗೆ ಬಣ್ಣದ ಟ್ಯಾಗ್ ಕಟ್ಟುವುದು. ಕೆಂಪು ತುರ್ತು, ಹಳದಿ ಒಸಿ ಕಾಯಬಹುದು, ಹಸಿರು ನಡೆಯಬಲ್ಲವರು, ಕಪ್ಪು ಸತ್ತವರು. ರೇಷ್ಮೆ ಸಾಕುವ ಶೋಭಾಗೆ ಕಪ್ಪು ಬಂತು. ಮೇಲೆ ಬಿಳಿ ಬಟ್ಟೆ ಹೊದಿಸಿದರು. ಸಂಘದ ಹಿರಿಯಳೊಬ್ಬಳು, ಸುಮ್ಮನೆ ಮಲಗಿಸಿದರೆ ಹೆಣ ಅನ್ನಿಸಾಕಿಲ್ಲ ಕಣ್ರವ್ವ ಅಂತ ಬಟ್ಟೆಯ ಚೂರು ಹರಿದು ಅವಳ ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಿದಳಂತೆ. ಎಲ್ಲರೂ ನಕ್ಕರಂತೆ. ಶೋಭಾನೂ ನಕ್ಕಳಂತೆ.

ವಾರ ಕಳೆದ ಮೇಲೆ ಊರಿನ ಆಶಾ ಕಾರ್ಯಕರ್ತೆ ನನಗೆ ಫೋನ್ ಮಾಡಿದಳು. ಶೋಭಾ ಉಣ್ಣುತ್ತಿಲ್ಲ, ಮಲಗಿದರೆ ಕಾಲು ಬಿಗಿದ ಹಾಗಾಗಿ ಎದ್ದು ಕೂರುತ್ತಾಳೆ, ಅತ್ತೆ ಹುಳದ ಮನೆಗೆ ಸೇರಿಸುತ್ತಿಲ್ಲ ಎಂದಳು.

ಹೋದೆ. ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು. ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅತ್ತೆ ಚಿಕ್ಕತಾಯಮ್ಮ ಮಂಡಿ ನೋವಿನಲ್ಲೇ ಒಬ್ಬಳೇ ಒದ್ದಾಡುತ್ತಿದ್ದಳು. ಶೋಭಾ ಜಗಲಿಯ ಮೂಲೆಯಲ್ಲಿ ಕೂತಿದ್ದಳು. ನಾನು ಬೈಯಲು ಬಂದವಳು ಎಂದುಕೊಂಡು ಚಿಕ್ಕತಾಯಮ್ಮ ಮೊದಲೇ ಶುರು ಮಾಡಿದಳು.

"ಹೆಣದ್ ಮೈಲಿಗೇಲಿ ಹುಳದ ಮನೆಗೆ ಯಾರಾರ ಬುಟ್ಕತಾರಾ ಮೇಡಮ್ಮೋರೇ? ನಾನೇನು ಸೊಸೆ ಮ್ಯಾಲೆ ಸಿಟ್ಟು ಮಾಡ್ಕಂಡಿಲ್ಲ. ಹುಳಕ್ಕೆ ಸುಣ್ಣಕಟ್ಟು ರೋಗ ಬಂದ್ರೆ ನಿಮ್ಮ ಆಪೀಸರು ಬಂದು ನೋಡ್ತಾರಾ?"

ಮೂಢನಂಬಿಕೆ ಅಂದು ಎದ್ದು ಬರುವುದು ಸುಲಭವಿತ್ತು. ನಾನು ಶೋಭಾಳ ಪಕ್ಕ ಕೂತೆ. ಅವತ್ತು ಏನಾಯಿತು ಎಂದು ಕೇಳಿದಾಗ ಹೇಳಿದಳು.

"ಬ್ಯಾರೆ ಬಣ್ಣದೋರ್ನೆಲ್ಲ ಕೈ ಹಿಡ್ದು ಎತ್ಕಂಡೋದ್ರು. ಡಾಕ್ಟ್ರು ನನ್ನ ನಾಡಿ ಹಿಡ್ದು, ಇದು ಮುಗೀತು, ಮುಂದಿನದು ನೋಡಿ ಅಂದ್ರು. ಆಮೇಲೆ ಪೀಪಿ ಊದುದ್ರು, ಎಲ್ಲಾ ಊಟಕ್ಕೋದ್ರು. ನನ್ನ ಯಾರೂ ಏಳು ಅನ್ನಲೇ ಇಲ್ಲ ಮೇಡಂ. ಕಾಲಿನ ಕಟ್ಟ ನಾನೇ ಬಿಚ್ಕಂಡೆ."

ನಮ್ಮ ವೃತ್ತಿಯಲ್ಲಿ ಡಿ-ರೋಲಿಂಗ್ ಅನ್ನುತ್ತಾರೆ, ಹಾಕಿಸಿದ ಪಾತ್ರವನ್ನು ಬೇಕೆಂದೇ ಕಳಚಿಸುವುದು. ನೀನು ಈಗ ಗಾಯಾಳು ಅಲ್ಲ, ಇಂಥವಳು ಎಂದು ಹೆಸರು ಹಿಡಿದು ಕರೆದು, ಹೇಗಿದ್ದೀಯ ಎಂದು ಕೇಳಿ ಕಳಿಸಬೇಕು. ಅಲ್ಲಿ ಅದು ನಡೆದಿರಲಿಲ್ಲ. ಶೋಭಾಳ ಮನಸ್ಸಿಗೂ ಅತ್ತೆಯ ಕಣ್ಣಿಗೂ ಅವಳು ಆ ಹೆಣದ ಪಾತ್ರದಿಂದ ಇನ್ನೂ ಎದ್ದಿರಲಿಲ್ಲ.

ಕಾರ್ಯಾಚರಣೆಯ ಉಸ್ತುವಾರಿ ಅಧಿಕಾರಿಯನ್ನು ಕಂಡೆ. ನಾಟಕಕ್ಕೆಲ್ಲ ಕೌನ್ಸೆಲಿಂಗ್ ಯಾಕಮ್ಮ ಎಂದರು. ಬಿಡದೆ ಟ್ಯಾಗ್ ಕಟ್ಟಿದ ವೈದ್ಯರನ್ನು ಹುಡುಕಿಕೊಂಡು ಹೋದೆ. ಚನ್ನಪಟ್ಟಣದ ಗೊಂಬೆ ಕೆಲಸದವರ ಮನೆಯ ಹುಡುಗ, ಡಾಕ್ಟರ್ ಇರ್ಫಾನ್. ಅವರ ಕೆಲಸದಲ್ಲಿ ತಪ್ಪಿರಲಿಲ್ಲ, ನಿಯಮದಂತೆಯೇ ಟ್ಯಾಗ್ ಕಟ್ಟಿದ್ದರು. ವಿಷಯ ಕೇಳಿ ಮುಜುಗರದಿಂದ ನಕ್ಕರು.

"ನಾನು ಡಾಕ್ಟ್ರು ಮೇಡಂ, ಮಂತ್ರ ಹಾಕೋನಲ್ಲ."

"ಮಂತ್ರ ಬೇಡ ಡಾಕ್ಟ್ರೇ. ಸತ್ತಳು ಅಂದೋರು ನೀವು. ಬದುಕಿದಾಳೆ ಅಂತಲೂ ನೀವೇ ಹೇಳಬೇಕು."

ಮಾರನೆಯ ಬೆಳಿಗ್ಗೆ ಬೈಕಿನಲ್ಲಿ ಬಂದರು. ಜಗಲಿಯ ಮೇಲೆ ಶೋಭಾಳ ಎದುರು ಕುಕ್ಕರಗಾಲಲ್ಲಿ ಕೂತು ನಾಡಿ ಹಿಡಿದರು. ಅವಸರ ಮಾಡಲಿಲ್ಲ. ಆಮೇಲೆ, "ಶೋಭಕ್ಕ, ನಾಡಿ ಚೆನ್ನಾಗೈತೆ. ಅವತ್ತೇ ಬಂದು ಎಬ್ಬಿಸಬೇಕಾಗಿತ್ತು. ಏಳಿ" ಎಂದು ಕೈ ಕೊಟ್ಟರು.

ಶೋಭಾ ಎದ್ದಳು. ನಿಂತಮೇಲೆ ಅತ್ತಳು. ಅಷ್ಟು ದಿನಗಳಲ್ಲಿ ಅವಳು ಅತ್ತಿದ್ದು ಅದೇ ಮೊದಲಂತೆ.

ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಮಲಗಿಸಿದೋರೇ ಬಂದು ಎಬ್ಬಿಸಿದರಲ್ಲ, ಇನ್ನೇನು ಅಂತ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಸೊಸೆಯ ಕಡೆ ತಿರುಗಿ, "ನೀರ್ ಕಾದೈತೆ, ಮಿಂದು ಬಾ. ಹುಳ ಹಸ್ಕಂಡವೆ" ಎಂದಳು.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ನಿದ್ದೆ ನೆಟ್ಟಗಾಗುವವರೆಗೂ ನಾನು ಅಕ್ಕೂರಿಗೆ ಹೋಗಿಬರುತ್ತಿದ್ದೆ. ಆದರೆ ಆ ಬೆಳೆಯ ಹಣ್ಣು ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹಾಕಿದವಳು ಶೋಭಾನೇ.

ಮುಂದೆ ಕನಕಪುರದಲ್ಲಿ ಕಲ್ಲುಕ್ವಾರಿ ಕುಸಿತದ ಅಣಕು ಕಾರ್ಯಾಚರಣೆ ಗೊತ್ತಾದಾಗ, ಸಭೆಗೆ ಕರೆಯದಿದ್ದರೂ ಹೋಗಿ ಕೂತೆ. ಸತ್ತವರ ಪಾತ್ರಕ್ಕೆ ಮೊದಲೇ ಒಪ್ಪಿಗೆ ಕೇಳಬೇಕು, ಬೇಡ ಅಂದವರನ್ನು ಬಲವಂತ ಮಾಡಬಾರದು, ಊಟಕ್ಕೆ ಬಿಡುವ ಮುಂಚೆ ಪಾತ್ರ ಕಳಚಿಸಬೇಕು ಎಂದೆ. ಹೊತ್ತಿಲ್ಲ ಎಂದರು. ಹಾಗಾದರೆ ಸತ್ತವರ ಪಾತ್ರಕ್ಕೆ ಜನರನ್ನು ಕರೆಯಬೇಡಿ, ಗೊಂಬೆ ಮಲಗಿಸಿ ಎಂದೆ. ಗೊಂಬೆಗೆ ಒಪ್ಪಿದರು.

ಕಿರುಚಾಡುವವರ ಹತ್ತಿರ ಎಲ್ಲರೂ ಓಡುತ್ತಾರೆ. ಸುಮ್ಮನೆ ಮಲಗಿದವರ ಹತ್ತಿರ ಮೊದಲು ಹೋಗುವುದನ್ನು ಈ ಕೆಲಸ ನನಗೆ ಕಲಿಸಿತು.