ಇಳಿಜಾರಿಗೆ ಪಾಲಿಶ್ ಗ್ರಾನೈಟ್

ಮನೆಯೊಳಗೆ ಪಾಲಿಶ್ ಗ್ರಾನೈಟ್ ಹಾಕಿಸಿದವರನ್ನು ನಾನು ಕ್ಷಮಿಸಬಲ್ಲೆ. ಗೇಟಿನಿಂದ ಪೋರ್ಟಿಕೋಗೆ ಕಾರು ಹತ್ತುವ ಇಳಿಜಾರಿಗೆ ಅದನ್ನು ಹಾಕಿಸುವವರ ತಲೆಯಲ್ಲಿ ಏನಿರುತ್ತದೆ ಎನ್ನುವುದು ಮಾತ್ರ ಇವತ್ತಿಗೂ ಅರ್ಥವಾಗಿಲ್ಲ. ಅಂಥ ಇಬ್ಬರ ನಡುವೆ ನನ್ನ ಸಂಸಾರ. ಒಬ್ಬರು ನನ್ನ ಗಂಡ, ಇನ್ನೊಬ್ಬರು ಅವರ ಅಣ್ಣ.

ವಿಜಯನಗರದ ನಮ್ಮ ಮನೆ ರಸ್ತೆಗಿಂತ ಎತ್ತರದಲ್ಲಿದೆ. ಇಳಿಜಾರಿನ ಹಳೆಯ ಸಿಮೆಂಟು ಕಿತ್ತುಹೋಗಿತ್ತು. ಏನು ಹಾಕಿಸುವುದೆಂಬ ಮಾತು ಬಂದಾಗ ನಾನು ಒರಟು ಚಪ್ಪಡಿ ಕಲ್ಲು ಎಂದೆ. ಐವತ್ತು ಹತ್ತಿರ ಬಂದ ಮೇಲೆ, ಮನೆಯವರೆಲ್ಲ ನಗುತ್ತಿರುವಾಗ ಸ್ಕೂಟರ್ ಕಲಿತವಳು ನಾನು. ಲಷ್ಕರ್ ಮೊಹಲ್ಲಾದ ಶಾಲೆಗೆ ಪಾಠ ಮಾಡಲು ಹೋಗುವುದು, ಬರುವಾಗ ಮನಸ್ಸು ಬಂದ ಕಡೆ ನಿಲ್ಲಿಸಿ ಕಾಫಿ ಕುಡಿಯುವುದು, ಯಾರನ್ನೂ ಕೇಳದೆ ತಂಗಿಯ ಮನೆಗೆ ಹೋಗಿಬರುವುದು, ಎಲ್ಲವೂ ಅದರಿಂದಲೇ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದ ಮೇಲೆ, ಒದ್ದೆ ಇಳಿಜಾರಿನಲ್ಲೇ ಅದನ್ನು ಇಳಿಸಬೇಕು.

ಅಣ್ಣನನ್ನು ಕೇಳದೆ ನನ್ನ ಗಂಡ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವವರಲ್ಲ. ಚಾಮರಾಜಪುರಂನಿಂದ ಭಾವ ಬಂದರು. ಕೈ ಹಿಂದೆ ಕಟ್ಟಿಕೊಂಡು ಮಹಾ ಇಂಜಿನಿಯರಿನ ಗತ್ತಿನಲ್ಲಿ ಮೇಲಿಂದ ಕೆಳಗೆ ನಡೆದರು.

“ಚಪ್ಪಡಿ ಹಾಕೋಕೆ ಇದೇನು ಕೊಟ್ಟಿಗೇನಮ್ಮ? ಬಂದೋರ ಕಣ್ಣಿಗೆ ಮೊದ್ಲು ಬೀಳೋದೇ ಇದು. ಕರೀ ಗ್ರಾನೈಟ್ ಹಾಕ್ಸಿ. ಮುಖ ಕಾಣ್ಬೇಕು, ಹಂಗಿರ್ಬೇಕು.”

“ಮುಖ ನೋಡ್ಕೊಳ್ಳೋಕೆ ಕನ್ನಡಿ ಇದೆಯಲ್ಲ ಭಾವ. ನಾನು ಸ್ಕೂಟರ್ ಇಳಿಸೋದು ಹೆಂಗೆ?”

“ಗೇಟಿಂದಾಚೆ ನಿಲ್ಲಿಸ್ಕೊ ಕಣೆ,” ಎಂದರು ನನ್ನ ಗಂಡ.

ಗ್ರಾನೈಟ್ ಬಂತು. ಟೈರಿನ ಗುರುತು ಬಿದ್ದರೆ ನನ್ನ ಗಂಡ ಮೊಣಕಾಲೂರಿ ಹಳೇ ಬನಿಯನ್ನಿನಿಂದ ಒರೆಸುತ್ತಿದ್ದರು. ದೇವರ ಮನೆಯನ್ನು ಒಂದು ದಿನವೂ ಒರೆಸಿದ ಕೈಯಲ್ಲ ಅದು. ಹಾದಿಯಲ್ಲಿ ಹೋಗುವವರು ನಿಂತು ನೋಡಿದರೆ ಸಾಕು, ಸಂಜೆಯೊಳಗೆ ಆ ಸುದ್ದಿ ಚಾಮರಾಜಪುರಂ ಮುಟ್ಟುತ್ತಿತ್ತು.

ಆಯುಧ ಪೂಜೆಯ ದಿನ ಕಾರನ್ನು ತೊಳೆದು, ಇಳಿಜಾರಿನ ನೆತ್ತಿಯಲ್ಲಿ ನಿಲ್ಲಿಸಿ ಪೂಜೆ ಮಾಡಿದರು. ನನ್ನ ಸ್ಕೂಟರಿಗೂ ಒಂದು ಮೊಳ ಸೇವಂತಿಗೆ ಸಿಕ್ಕಿತು, ಗೇಟಿನಾಚೆಯೇ. ಭಾವ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬೂದುಗುಂಬಳಕಾಯಿ ಎತ್ತಿಕೊಂಡರು. ಅದನ್ನು ರಸ್ತೆಯಲ್ಲಿ ಒಡೆಯಿರಿ ಎಂದು ನಾನು ಹೇಳಿದೆ.

“ಕಾರಿನ ದೃಷ್ಟಿ ಜೊತೆ ಹೊಸ ಕಲ್ಲಿನ ದೃಷ್ಟೀನೂ ಹೋಗ್ಲಿ ಸುಮ್ನಿರಮ್ಮ,” ಎಂದು ಇಳಿಜಾರಿನ ನಟ್ಟನಡುವೆಯೇ ಒಡೆದರು. ತಿರುಳು, ಬೀಜ, ಕುಂಕುಮದ ನೀರು ಎಲ್ಲ ಸೇರಿ ಗೇಟಿನವರೆಗೂ ಹರಿಯಿತು. ನನ್ನ ಗಂಡ ಕೈಮುಗಿದು ಕಾರನ್ನು ಮುಂದಕ್ಕೆ ಬಿಟ್ಟರು. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಆಮೇಲೆ ಬ್ರೇಕು ಒತ್ತಿದ್ದೇ ಒತ್ತಿದ್ದು, ಕಾರು ತನ್ನ ಪಾಡಿಗೆ ಜಾರಿಕೊಂಡು ಹೋಗಿ, ತೆರೆದ ಗೇಟು ದಾಟಿ, ನನ್ನ ಸ್ಕೂಟರಿಗೆ ಗುದ್ದಿ ನಿಂತಿತು.

ಭಾವ ಓಡಿಹೋಗಿ ಕಾರಿನ ಬಂಪರನ್ನು ಸವರಿ ನೋಡಿದರು. “ಸದ್ಯ, ಏನೂ ಆಗಿಲ್ಲ. ಇದ್ದ ದೃಷ್ಟಿಯೆಲ್ಲ ಹೋಯ್ತು ಬುಡು.”

ಕಾರಿನ ಮುಂದೆ ಹೂವಿನ ಸಮೇತ ಬಿದ್ದಿದ್ದ ಸ್ಕೂಟರನ್ನು ನಾನೊಬ್ಬಳೇ ಎತ್ತಿ ನಿಲ್ಲಿಸಿದೆ. ಹ್ಯಾಂಡಲ್ ಸೊಟ್ಟಗಾಗಿತ್ತು. ಆ ಇಬ್ಬರ ಬಗ್ಗೆ ನನಗಿದ್ದ ಅಷ್ಟಿಷ್ಟು ಗೌರವ ಅಲ್ಲಿಗೆ ಮುಗಿಯಿತು.

ಕಲ್ಲಿಗೆ ಉಳಿಯಿಂದ ಗೆರೆಯಾದರೂ ಹೊಡೆಸಿ ಎಂದು ಕೇಳಿದೆ. ಅಷ್ಟು ಚೆನ್ನಾಗಿರುವ ಪಾಲಿಶ್ ಕೆಡಿಸುವುದೇ ಎಂದು ಅಣ್ಣ ತಮ್ಮ ಇಬ್ಬರೂ ಹೌಹಾರಿದರು. ಈಗ ಶಾಲೆಗೆ ನನ್ನನ್ನು ಗಂಡನೇ ಕಾರಿನಲ್ಲಿ ಬಿಡುತ್ತಾರೆ, ಅವರಿಗೆ ಬಿಡುವಾದಾಗ ಕರೆದುಕೊಂಡು ಬರುತ್ತಾರೆ. ಸ್ಕೂಟರನ್ನು ರಿಪೇರಿಗೆ ಕೊಡಿ ಎಂದು ಮೊನ್ನೆ ಮತ್ತೆ ಕೇಳಿದೆ.

“ಆ ಜಾರೋ ಕಲ್ಲಿನ ಮೇಲೆ ಈ ವಯಸ್ಸಲ್ಲಿ ನಿನಗ್ಯಾಕೆ ಬೇಕು ಅದು? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಕಣೆ, ಮಾರ್ಬುಡೋಣ,” ಎಂದರು.