ಫ್ರಾನ್ಸಿನ ಸಿಂಹಾಸನ ಮತ್ತು ನಮ್ಮ ಅಳಿಯಸಂತಾನ

ಫ್ರಾನ್ಸಿನ ಸಿಂಹಾಸನದ ಜಗಳ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಫ್ಲ್ಯಾಟಿಗೆ ಬಂದದ್ದು ಮಗಳ ಶಾಲೆಯಿಂದ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು, ಅವಳಾಗ ಒಂಬತ್ತನೆಯ ತರಗತಿ. ಇತಿಹಾಸದ ಟೀಚರ್ ಚರ್ಚಾಸ್ಪರ್ಧೆ ಇಟ್ಟಿದ್ದರು. ಮಧ್ಯಯುಗದ ಫ್ರಾನ್ಸಿನ ರಾಜನೊಬ್ಬ ಗಂಡುಮಕ್ಕಳಿಲ್ಲದೆ ಸತ್ತ. ಪಟ್ಟ ಯಾರಿಗೆ? ಅವನ ಚಿಕ್ಕಪ್ಪನ ಮಗನಿಗೋ, ಇಂಗ್ಲೆಂಡಿನ ರಾಜನಾಗಿದ್ದ ತಂಗಿಯ ಮಗನಿಗೋ?

ಮಗಳ ಪಾಲಿಗೆ ಬಂದದ್ದು ಇಂಗ್ಲೆಂಡ್. ಹೆಂಗಸಿನ ಮೂಲಕ ಪಟ್ಟ ಬರುವುದಿಲ್ಲವೆಂದು ಫ್ರಾನ್ಸಿನವರು ಚಿಕ್ಕಪ್ಪನ ಮಗನನ್ನೇ ಕೂರಿಸಿದ್ದು, ಮುಂದೆ ಅದೇ ಜಗಳ ನೂರು ವರ್ಷದ ಯುದ್ಧವಾದದ್ದು ಪಾಠದಲ್ಲೇ ಇತ್ತು.

"ಪಪ್ಪಾ, ನಾನು ಸೋಲುದು ಗ್ಯಾರಂಟಿ. ಎಲ್ಲರೂ ಈಗ್ಲೇ ನಗಾಡ್ತಿದ್ದಾರೆ," ಎಂದು ಕಣ್ಣು ತುಂಬಿಕೊಂಡಳು. ಇಡೀ ವರ್ಷ ಕ್ಲಾಸಿನಲ್ಲಿ ತುಟಿ ಬಿಚ್ಚದ ಹುಡುಗಿ ಅವಳು.

ನನಗೆ ಸಿಟ್ಟೇ ಬಂತು. ನಾವು ಉಡುಪಿ ಕಡೆಯ ಅಳಿಯಸಂತಾನದವರು. ನಮ್ಮಲ್ಲಿ ಕುಲ ಬರುವುದು ತಾಯಿಯಿಂದ. ಹಿಂದೆಲ್ಲ ಯಜಮಾನಿಕೆ ಹೋಗುತ್ತಿದ್ದದ್ದು ಸ್ವಂತ ಮಕ್ಕಳಿಗಲ್ಲ, ತಂಗಿಯ ಮಗನಿಗೆ. ಅವನಿರುವಾಗ ಚಿಕ್ಕಪ್ಪನ ಮಗನಿಗೆ ಅಲ್ಲೇನು ಕೆಲಸ?

"ಇದೆಂತ ಪ್ರಶ್ನೆ ಮಾರಾಯ್ತಿ! ನಮ್ಮೂರಿನ ನಾಲ್ಕು ಜನ ಹಿರಿಯರನ್ನು ಕೂರಿಸಿದ್ರೆ ಒಂದು ಚಾ ಕುಡಿಯುವಷ್ಟರಲ್ಲಿ ತೀರ್ಮಾನ ಆಗ್ತಿತ್ತು. ಸುಮ್ಮನೆ ನೂರು ವರ್ಷ ಹೊಡೆದಾಡಿದ್ರು!"

ಸೂಪರ್ ಮಾರ್ಕೆಟಿನವರು ಕೊಟ್ಟ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ರಾಜರ ವಂಶವೃಕ್ಷ ಬರೆದೆ. ಪಕ್ಕದಲ್ಲೇ ನಮ್ಮದು: ಅಜ್ಜಿ, ಅಮ್ಮ, ಸೋದರಮಾವ, ನಾನು, ತಂಗಿ, ತಂಗಿಯ ಮಗ. ಎರಡೂ ಸರಿಯಾಗಿ ಹೊಂದಿದ್ದು ಕಂಡು ಉಬ್ಬಿಹೋದೆ. "ಖಲಾಸ್ ಮಾರಾಯ್ರೆ, ಯುದ್ಧ ನಿಲ್ಲಿಸಿ ಊಟಕ್ಕೆ ಬನ್ನಿ," ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಗಳು ನಮ್ಮ ವೃಕ್ಷವನ್ನೇ ನೋಡುತ್ತಿದ್ದಳು.

"ಪಪ್ಪಾ, ನಾನೆಲ್ಲಿ?"

"ನೀನು ಅಮ್ಮನ ಕಡೆ. ಅವಳ ಕುಲವೇ ನಿನ್ನ ಕುಲ."

"ಆ ರಾಜನಿಗೂ ಡಾಟರ್ ಇದ್ಳಲ್ಲ? ಅವಳು ಅಲ್ಲಿಯೂ ಇಲ್ಲ, ನಮ್ಮಲ್ಲಾಗಿದ್ರೂ ಇಲ್ವಾ?"

ಅದೆಲ್ಲ ಹಳೇ ಕಾಲದ್ದು, ಕಾಯಿದೆ ಬದಲಾಗಿದೆ, ನನ್ನದೆಲ್ಲ ನಿನ್ನದೇ ಎಂದೆ.

"ನಾನು ಅದಲ್ಲ ಕೇಳಿದ್ದು," ಎಂದು ಎದ್ದು ಹೋದಳು. ಅಂದು ನನಗೆ ಊಟ ಸೇರಲಿಲ್ಲ.

ಚರ್ಚೆಗೆ ತಂದೆತಾಯಿಯರನ್ನೂ ಕರೆದಿದ್ದರು. ಆಫೀಸಿನಲ್ಲಿ ಪರ್ಮಿಷನ್ ಕೇಳಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಮಗಳು ಅಳಿಯಸಂತಾನವನ್ನು ಇಂಗ್ಲಿಷಿನಲ್ಲಿ ಅರಳು ಹುರಿದಂತೆ ವಿವರಿಸಿದಳು. ನಗಲು ಕಾದಿದ್ದವರು ತೆಪ್ಪಗಾದರು. ನನ್ನ ಎದೆ ಉಬ್ಬಿತು. ಇನ್ನೇನು ಗೆದ್ದಳು ಎನ್ನುವಾಗ ಫ್ರಾನ್ಸಿನ ಕಡೆಯ ಹುಡುಗಿಯೊಬ್ಬಳು ಎದ್ದು, ಹಾಗಾದರೆ ನಿನ್ನ ಅಪ್ಪ ರಾಜನಾಗಿದ್ದರೆ ಪಟ್ಟ ಯಾರಿಗೆ ಹೋಗುತ್ತಿತ್ತು ಎಂದು ಕೇಳಿದಳು.

ಮಗಳು ತಡವರಿಸಿದಳು. ಅವಳ ಕಣ್ಣು ನನ್ನನ್ನು ಹುಡುಕಿತು. ಟೀಚರ್ ನಗುತ್ತ, ಅವರನ್ನೇ ಕೇಳೋಣ ಎಂದರು. ಎಲ್ಲರೂ ಹಿಂದೆ ತಿರುಗಿದರು. ತಂಗಿಯ ಮಗನಿಗೆ ಎಂದಿದ್ದರೆ ಸಾಕಿತ್ತು, ಗೆಲುವು ಅವಳದೇ.

ನಾನು ಎದ್ದು ನಿಂತೆ. "ನನ್ನ ಮಗಳಿಗೆ," ಎಂದೆ.

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. ಇಂಗ್ಲೆಂಡ್ ಅಲ್ಲಿಗೆ ಸೋತಿತು. ಮಗಳು "ಅಯ್ಯೋ ಪಪ್ಪಾ!" ಎಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕೈ ತೆಗೆದಾಗ ಅವಳು ನಗುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು.